ಕೊಳ್ಳದೇ ಬಿಟ್ಟ ಕೆಂಪು ಬೋರ್ಡು

ಆ ಒಂದು ಮಾತು ಬಾಯಿಂದ ಜಾರದೇ ಇದ್ದಿದ್ದರೆ ಕನ್ನಡಕದಂಗಡಿಯವರು ರಜೆಯ ದಿನವನ್ನು ಎಂದಿನಂತೆ ಪತ್ರಿಕೆಯನ್ನು ಮುಖದ ಮೇಲೆ ಹೊದ್ದುಕೊಂಡು ಕಳೆದುಬಿಡುತ್ತಿದ್ದರು.

ಬೆಳಿಗ್ಗೆ ಬೀದಿಯ ತುದಿಯ ಕಾಫಿ ಅಂಗಡಿಯ ಮುಂದೆ ಮೂವರು ನಿಂತಿದ್ದರು: ಇವರು, ಪಕ್ಕದ ಔಷಧಿ ಅಂಗಡಿಯವರು ಮತ್ತು ಎದುರಿನ ದರ್ಜಿ. ಗೋಡೆಯ ಮೇಲೆ ಹೊಸದಾಗಿ ಒಂದು ಕಾಗದ ಅಂಟಿಸಿತ್ತು. ಅಲೆಗಳ ಮೇಲೆ ನಿಂತು ಜಾರುವ ಸರ್ಫಿಂಗ್ ಬೋರ್ಡುಗಳನ್ನು ಸಮುದ್ರ ದಂಡೆಯಲ್ಲಿ ಮಾರುವ ಹೆಂಗಸು ಅಂಟಿಸಿ ಹೋದದ್ದು. ‘ಇಂದು ಸಂಜೆಯವರೆಗೆ ಯಾವ ಬೋರ್ಡನ್ನಾದರೂ ನೀರಿಗಿಳಿಸಿ ನೋಡಿ. ಹಿಡಿಸಿದ್ದನ್ನು ಕೊಳ್ಳಿ.’

“ವಯಸ್ಸಲ್ಲಿ ನಂಗೂ ಇದರ ಹುಚ್ಚಿತ್ತು,” ಎಂದರು ಕನ್ನಡಕದವರು.

“ಮತ್ಯಾಕೆ ಮಾಡ್ಲಿಲ್ಲ?” ಎಂದ ದರ್ಜಿ.

“ಬರೋ ವರ್ಷ, ಬರೋ ವರ್ಷ ಅಂತಿದ್ದೆ.”

“ಎಷ್ಟು ವರ್ಷದಿಂದ?”

ಕನ್ನಡಕದವರು ಮನಸ್ಸಿನಲ್ಲೇ ಎಣಿಸಿದರು. “ಇಪ್ಪತ್ತಾರು.”

ಔಷಧಿಯವರಿಗೆ ನಗು ಬಂದು ಕಾಫಿ ಮೂಗಿಗೇರಿತು. “ಬಿಡಿ ಸಾರ್. ಈಗ ನಿಮ್ಮ ಸೊಂಟಕ್ಕೆ ಬೇಕಾಗಿರೋದು ಬೋರ್ಡಲ್ಲ, ನನ್ನಂಗಡೀಲಿರೋ ಬೆಲ್ಟು.”

“ಇವತ್ತೇ ಕೊಳ್ತೀನಿ, ನೋಡ್ತಿರಿ!” ಎಂದುಬಿಟ್ಟರು ಕನ್ನಡಕದವರು.

ಮಾತು ಮುಗಿಯುವಷ್ಟರಲ್ಲೇ ಪಶ್ಚಾತ್ತಾಪ ಶುರುವಾಗಿತ್ತು. ಆದರೆ ಔಷಧಿಯವರ ಕಿವಿಗೆ ಬಿದ್ದದ್ದು ಊರಿಗೆಲ್ಲ ಬಿದ್ದ ಹಾಗೆ. ಮಾತ್ರೆ ಕೊಳ್ಳಲು ಬಂದವರಿಗೆಲ್ಲ ದಿನಕ್ಕೆ ಎಷ್ಟು ಸಲ ನುಂಗಬೇಕು ಎಂಬುದರ ಜತೆಗೆ ಈ ಸುದ್ದಿಯೂ ಹೋಯಿತು. ಹತ್ತು ಗಂಟೆಗೆ ಕನ್ನಡಕದವರು ಹೆಂಡತಿಯ ಜತೆ ದಂಡೆಗೆ ಬಂದಾಗ ಅರ್ಧ ಬೀದಿ ಅಲ್ಲಿ ಚಾಪೆ ಹಾಸಿಕೊಂಡು ಕೂತಿತ್ತು.

“ರೀ, ಇನ್ನೂ ವಾಪಸ್ ಹೋಗಬಹುದು,” ಎಂದಳು ಹೆಂಡತಿ ಮೆಲ್ಲಗೆ.

“ಹೇಗೆ ಹೋಗ್ಲಿ? ನೋಡು, ದರ್ಜಿ ತನ್ನ ಅತ್ತೇನೂ ಕರ್ಕೊಂಡು ಬಂದಿದ್ದಾನೆ.”

ದರ್ಜಿ ಆಗಲೇ ಅಳತೆ ಟೇಪು ಹಿಡಿದು ಓಡಿ ಬಂದ. ಕನ್ನಡಕದವರನ್ನು ನೆತ್ತಿಯಿಂದ ಹಿಮ್ಮಡಿಯವರೆಗೆ ಅಳೆದ. “ಬಟ್ಟೆ ಆಗ್ಲಿ ಬೋರ್ಡಾಗ್ಲಿ, ಸ್ವಲ್ಪ ಉದ್ದವೇ ಇರ್ಬೇಕು ಸಾರ್. ಆಮೇಲೆ ಮಡಚ್ಕೋಬಹುದು.”

ಬೋರ್ಡನ್ನು ಮಡಚುವುದು ಹೇಗೆ ಎಂದು ಯಾರೂ ಕೇಳಲಿಲ್ಲ. ಒಂಬತ್ತು ಅಡಿಯ ಹಳದಿ ಬೋರ್ಡು ಕನ್ನಡಕದವರ ಕಂಕುಳು ಸೇರಿತು. ಅದನ್ನು ಹೊತ್ತು ನಾಲ್ಕು ಹೆಜ್ಜೆ ಹಾಕಿದ್ದರಷ್ಟೇ, ಹಿಂದಿನಿಂದ ಔಷಧಿಯವರು “ಸಾರ್, ಹುಷಾರು!” ಎಂದು ಕೂಗಿದರು. ಏನೆಂದು ಇವರು ತಿರುಗಿದರು, ಬೋರ್ಡೂ ತಿರುಗಿತು. ಮುಂದಿನ ತುದಿ ಐಸ್‌ಕ್ರೀಮಿನ ಗಾಡಿಯ ಕೊಡೆಯನ್ನು ಕೆಡವಿತು, ಹಿಂದಿನ ತುದಿ ದರ್ಜಿಯ ಅತ್ತೆಯನ್ನು ಕುರ್ಚಿಸಮೇತ ಮರಳಿಗೆ ಒರಗಿಸಿತು. ಕ್ಷಮಿಸಿ ಎನ್ನಲು ಇವರು ಆ ಕಡೆ ತಿರುಗಿದಾಗ, ಆಗತಾನೇ ಎದ್ದಿದ್ದ ಕೊಡೆ ಮತ್ತೆ ಬಿತ್ತು. ನೀರಿನಲ್ಲಂತೂ ಆ ಬೋರ್ಡು ಇವರನ್ನು ಬಿಟ್ಟು ತಾನೊಂದೇ ದಡಕ್ಕೆ ಬಂತು.

“ಉದ್ದ ಜಾಸ್ತಿ ಆಯ್ತು,” ಎಂದರು ಔಷಧಿಯವರು, ಡೋಸು ಇಳಿಸುವ ವೈದ್ಯರ ಗಾಂಭೀರ್ಯದಿಂದ. “ಚಿಕ್ಕದು ತಗೊಳ್ಳಿ. ಚುರುಕಾಗಿರುತ್ತೆ.”

ಚಿಕ್ಕದು ಮೀನಿನಂತೆ ಚೂಪಾಗಿತ್ತು. ಕನ್ನಡಕದವರು ಅದರ ಮೇಲೆ ಮಲಗಿದ್ದೇ ತಡ, ಅದು ಅವರ ಜತೆಗೇ ನೀರಿನಡಿಗೆ ಹೋಯಿತು. ಮೂಗು, ಕಿವಿ, ಬಾಯಿ ಎಲ್ಲದರಿಂದಲೂ ಸಮುದ್ರ ಸುರಿಸುತ್ತ ಅವರು ಮೇಲೆದ್ದಾಗ ದಂಡೆಯಲ್ಲಿ ಚಪ್ಪಾಳೆ ಬಿತ್ತು. ಯಾರು ತಟ್ಟಿದರೆಂದು ಕಾಣಲಿಲ್ಲ. ಕನ್ನಡಕ ಹೆಂಡತಿಯ ಕೈಯಲ್ಲಿತ್ತು. ಅದಿಲ್ಲದೆ ಅವರಿಗೆ ಒಂದು ಮೊಳ ಆಚೆಗಿನ ಲೋಕವೆಲ್ಲ ಕಲಸಿದ ಬಣ್ಣ.

ಮೂರನೆಯದನ್ನು ಯಾರನ್ನೂ ಕೇಳದೆ ತಾವೇ ಆರಿಸಿದರು. ಕೆಂಪು ಬಣ್ಣದ್ದು, ಅಗಲವಾದದ್ದು, ಹಾಸಿಗೆಯಂತೆ ಮೆತ್ತಗಿತ್ತು. ಸೊಂಟದಾಳದ ನೀರಿನಲ್ಲಿ ಅದರ ಮೇಲೆ ಹೊಟ್ಟೆ ಊರಿ ಮಲಗಿ ಕಾದರು. ಹಿಂದಿನಿಂದ ಒಂದು ಅಲೆ ಬಂದು ಬೋರ್ಡನ್ನು ಎತ್ತಿಕೊಂಡಿತು. ಅವರು ಗಾಬರಿಯಲ್ಲಿ ಮೊಣಕಾಲೂರಿ ಎದ್ದರು, ಬೀಳಲಿಲ್ಲ. ಬೋರ್ಡು ಸುಯ್ಯೆಂದು ಓಡಿತು. ಮುಖಕ್ಕೆ ಗಾಳಿ ಬಡಿಯಿತು, ಹೊಟ್ಟೆಯೊಳಗೆ ಏನೋ ಕಚಗುಳಿಯಿಟ್ಟಂತಾಯಿತು. ತಮಗೇ ತಿಳಿಯದಂತೆ ಅವರು ಜೋರಾಗಿ ನಗತೊಡಗಿದರು. ನಗುತ್ತ ನಗುತ್ತಲೇ ಮರಳಿನವರೆಗೂ ಬಂದರು.

“ಇದೇ!” ಎಂದರು ಏದುಸಿರಿನಲ್ಲಿ. “ಇದನ್ನೇ ಕೊಡಿ!”

“ಅಯ್ಯೋ, ಅದು ಮಕ್ಕಳಿಗೆ ಕಲಿಸೋ ಬೋರ್ಡು ಕಣ್ರೀ!” ಎಂದು ಔಷಧಿಯವರು ಚಾಪೆಯಿಂದಲೇ ಕೂಗಿದರು. “ಅದೂ ಮೊಣಕಾಲ ಮೇಲೆ ಬಂದ್ರಿ! ಅಂಬೆಗಾಲಿಡೋದು ಸರ್ಫಿಂಗ್ ಆದ್ರೆ ನನ್ನ ಮೊಮ್ಮಗಳೂ ಚಾಂಪಿಯನ್ನೇ.”

ಎಲ್ಲರೂ ನಕ್ಕರು. ಐಸ್‌ಕ್ರೀಮಿನವನಂತೂ ಹೊಟ್ಟೆ ಹಿಡಿದುಕೊಂಡ. ಅವನಿಗೆ ಕೊಡೆಯ ಲೆಕ್ಕ ಬಾಕಿಯಿತ್ತು.

“ನಿಮಗೆ ಹಿಡಿಸಿದ್ರೆ ಸಾಕು ಸಾರ್, ಅವರ ಮಾತು ಬಿಡಿ,” ಎಂದಳು ಬೋರ್ಡಿನಂಗಡಿಯಾಕೆ.

ಹೆಂಡತಿಯೂ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಕನ್ನಡಕದವರು ಕೆಂಪು ಬೋರ್ಡನ್ನು ಆಕೆಯ ಅಂಗಡಿಯ ಗೋಡೆಗೆ ಒರಗಿಸಿ, “ನಿಲ್ಲೋಕೆ ಆಗೋ ಅಂಥದ್ದು ಯಾವುದಿದೆ?” ಎಂದು ಕೇಳಿಬಿಟ್ಟಿದ್ದರು.

ನಾಲ್ಕನೆಯದು ಬಿಳಿ ಬೋರ್ಡು, ಅಡಿಯಲ್ಲಿ ಮೀನಿಗಿರುವಂಥ ಉದ್ದನೆಯ ಮೂರು ರೆಕ್ಕೆಗಳು. ಸಂಜೆಯಾಗಿತ್ತು, ನೀರು ಇಳಿಯುತ್ತಿತ್ತು. ಅವರು ಈ ಸಲ ಹಟದಿಂದ ತುಂಬಾ ದೂರ ಹೋದರು. ಬೋರ್ಡಿನ ಮೇಲೆ ಒಂದು ಕಾಲಿಟ್ಟರು, ಇನ್ನೊಂದಿಟ್ಟರು, ಕೈ ಚಾಚಿ ನಿಂತರು. ಬೀಳಲಿಲ್ಲ! ನೀರು ಎರಡೂ ಕಡೆಯಿಂದ ಸರ್ರನೆ ಹಿಂದಕ್ಕೆ ಹೋಗುತ್ತಿತ್ತು. ಅಂದಮೇಲೆ ತಾವು ಮುಂದಕ್ಕೆ ಹೋಗುತ್ತಿರಬೇಕು. ಗಾಳಿ ಬಡಿಯಲಿಲ್ಲ, ಕಚಗುಳಿಯೂ ಆಗಲಿಲ್ಲ. ಆದರೂ ನಿಂತಿದ್ದರು, ನಾಲ್ಕು ದಾರಿ ಕೂಡುವಲ್ಲಿನ ಪ್ರತಿಮೆಯಂತೆ.

ದಂಡೆಯಲ್ಲಿದ್ದವರ ಕಣ್ಣಿಗೆ ಇಳಿಬಿಸಿಲು ನೇರ ಹೊಡೆಯುತ್ತಿತ್ತು. ಹಣೆಗೆ ಕೈ ಅಡ್ಡ ಹಿಡಿದು ಎಲ್ಲರೂ ಎದ್ದು ನಿಂತರು.

“ಬರ್ತಾ ಇದ್ದಾರೆ! ಬರ್ತಾ ಇದ್ದಾರೆ!” ಎಂದು ದರ್ಜಿ ಕುಣಿದ, ಚಪ್ಪಾಳೆ ಶುರುವಾಯಿತು.

ಕನ್ನಡಕದವರು ಎರಡು ನಿಮಿಷ ಹಾಗೆಯೇ ನಿಂತಿದ್ದರು. ಆಮೇಲೆ ಒಂದು ದೊಡ್ಡ ಅಲೆ ಬಂದು ಅವರನ್ನೂ ಬೋರ್ಡನ್ನೂ ಸುತ್ತಿ ದಡಕ್ಕೆ ಎಸೆಯಿತು. ಔಷಧಿಯವರೇ ಓಡಿ ಬಂದು ಕೈಹಿಡಿದು ಎಬ್ಬಿಸಿದರು. “ನನ್ನ ಮಾತು ವಾಪಸ್ ತಗೊಂಡೆ ಸಾರ್! ಏನು ನಿಲುವು! ಒಂದಿಷ್ಟೂ ಅಲುಗಾಡ್ಲಿಲ್ಲ!”

“ಈ ಬೋರ್ಡು ಯಾರಿಗೂ ಇಷ್ಟು ಗಟ್ಟಿಯಾಗಿ ನಿಂತಿರ್ಲಿಲ್ಲ,” ಎಂದಳು ಅಂಗಡಿಯಾಕೆ. ಮುಖದಲ್ಲಿ ನಗುವಿತ್ತೋ ಇಲ್ಲವೋ ಕನ್ನಡಕದವರಿಗೆ ಕಾಣಲಿಲ್ಲ. “ಇದೇ ಬೇಕಾ ಸಾರ್? ಬಾಗಿಲು ಹಾಕೋವರೆಗೂ ಬದಲಾಯಿಸ್ಕೋಬಹುದು, ಆಮೇಲಿಲ್ಲ.”

“ಇದೇ.”

ಜನ ದಾರಿ ಬಿಟ್ಟುಕೊಟ್ಟರು. ದರ್ಜಿಯ ಅತ್ತೆ ಕೂಡ ಮರಳು ಕೊಡವಿಕೊಳ್ಳುತ್ತ ಬಂದು ಬೆನ್ನು ತಟ್ಟಿದರು. ಕನ್ನಡಕದವರು ಮನೆಗೆ ಬಂದು, ಬೋರ್ಡನ್ನು ನಡುಮನೆಯ ಗೋಡೆಗೆ ಒರಗಿಸಿ, ಕನ್ನಡಕ ಏರಿಸಿಕೊಂಡು, “ಫೋಟೋ ತೆಗೆದ್ಯಾ?” ಎಂದರು.

“ತೆಗ್ದೆ,” ಎಂದಳು ಹೆಂಡತಿ. ಯಾಕೋ ಅವಳ ದನಿಯಲ್ಲಿ ಉತ್ಸಾಹವಿರಲಿಲ್ಲ. “ನಾನು ಬಂಡೆ ಸಾಲಿನ ಮೇಲೆ ನಡ್ಕೊಂಡು ಪಕ್ಕಕ್ಕೆ ಬಂದಿದ್ದೆ. ಅಲ್ಲಿಂದ ತೆಗ್ದೆ.”

ಫೋನಿನಲ್ಲಿ ಕನ್ನಡಕದವರು ಕೈ ಚಾಚಿ ನಿಂತಿದ್ದರು, ಎದೆಯುಬ್ಬಿಸಿ. ಅವರ ಮುಂದೆ ಎರಡೇ ಹೆಜ್ಜೆ ದೂರದಲ್ಲಿ ಚಿಪ್ಪು ಆರಿಸುವ ಹೆಂಗಸೊಬ್ಬಳು ಬುಟ್ಟಿ ಹಿಡಿದು ನಡೆಯುತ್ತಿದ್ದಳು. ನೀರು ಅವಳ ಹಿಮ್ಮಡಿಯವರೆಗಿತ್ತು.

ಮುಂದಿನ ಫೋಟೋದಲ್ಲಿ ಅವಳು ಇವರನ್ನು ದಾಟಿ ಹೋಗಿದ್ದಳು. ಇವರು ಅಲ್ಲೇ ಇದ್ದರು.

“ಮರಳ ದಿಬ್ಬ,” ಎಂದಳು ಹೆಂಡತಿ. “ರೆಕ್ಕೆ ಮರಳಿಗೆ ಸಿಕ್ಕೊಂಡಿತ್ತು. ಕೂಗಿ ಹೇಳೋಣ ಅನ್ನಿಸ್ತು. ಅಷ್ಟೊಂದು ಜನ ಚಪ್ಪಾಳೆ ತಟ್ತಿದ್ರು, ಬಾಯಿ ಬರ್ಲಿಲ್ಲ.”

ಕನ್ನಡಕದವರು ಎರಡೂ ಫೋಟೋಗಳನ್ನು ಮತ್ತೊಮ್ಮೆ ನೋಡಿದರು.

“ಆ ಕೆಂಪು ಬೋರ್ಡಲ್ಲಿ ಬರೋವಾಗ ನಗ್ತಿದ್ರಿ,” ಎಂದಳು ಅವಳು. “ನೀವು ಹಾಗೆ ನಕ್ಕಿದ್ದು ನೋಡಿ ಎಷ್ಟು ವರ್ಷ ಆಗಿತ್ತು. ಅದನ್ನೇ ತಗೊಳ್ಳಿ ಅನ್ನೋಕೆ ಬಂದೆ, ನೀವು ತಿರುಗಿ ನೋಡ್ಲಿಲ್ಲ. ಇನ್ನೂ ಬಾಗಿಲು ಹಾಕಿರಲ್ಲ, ಹೋಗಿ.”

ಬಿಳಿ ಬೋರ್ಡನ್ನು ಕಂಕುಳಿಗೇರಿಸಿ ಅವರು ಓಡಿದರು. ಈ ಸಲ ಯಾರು ಕೂಗಿದರೂ ತಿರುಗಲಿಲ್ಲ. ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು. ಒಳಗೆ ದರ್ಜಿ, ಐಸ್‌ಕ್ರೀಮಿನವ, ಅವರ ನಡುವೆ ಔಷಧಿಯವರು. ಔಷಧಿಯವರ ತೋಳಲ್ಲಿ, ಮಗುವಿನಂತೆ, ಕೆಂಪು ಬೋರ್ಡು.

“ಸಿಕ್ಕಿಬಿದ್ದೆ,” ಎಂದು ಔಷಧಿಯವರು ನಾಚಿಕೊಂಡರು. “ನೀವು ಇದರ ಮೇಲೆ ನಗ್ತಾ ಬಂದ್ರಲ್ಲ ಸಾರ್, ಆಗಿನಿಂದ ನನ್ನ ಕಣ್ಣು ಇದರ ಮೇಲೇ. ಇರೋದು ಇದೊಂದೇ ಅಂತೆ. ನೀವು ತಗೊಂಡ್ಬಿಟ್ರೆ ಅಂತ ಭಯ ಆಗಿ ಹಾಗೆ ಕೂಗಿದ್ದು. ಆದ್ರೆ ನಿಮ್ಮಂಥವರಿಗೆ ಇದ್ಯಾಕೆ ಬಿಡಿ! ನಿಂತು ಬರೋವ್ರು ನೀವು.”

“ಹೌದ್ಹೌದು!” ಎಂದರು ಉಳಿದಿಬ್ಬರು.

ಅಂಗಡಿಯಾಕೆ ಕನ್ನಡಕದವರ ಮುಖವನ್ನೂ ಕಂಕುಳಲ್ಲಿದ್ದ ಬೋರ್ಡನ್ನೂ ನೋಡಿದಳು. “ಏನಾದ್ರೂ ಬದಲಾಯಿಸ್ಬೇಕಿತ್ತಾ ಸಾರ್?” ಎಂದು ಮೃದುವಾಗಿ ಕೇಳಿದಳು. “ಇವರಿನ್ನೂ ಬಿಲ್ ಮಾಡಿಸಿಲ್ಲ.”

ಮೂರು ಜತೆ ಕಣ್ಣು ಅವರ ಮೇಲೆ ನೆಟ್ಟಿದ್ದವು. ಎಲ್ಲದರಲ್ಲೂ ಗೌರವ. ಬೀದಿಯಲ್ಲಿ ಇಷ್ಟು ವರ್ಷದಲ್ಲಿ ಅವರಿಗೆ ಯಾರೂ ಕೊಡದಿದ್ದ ಗೌರವ. ಒಂದು ಮಾತು ಸಾಕಿತ್ತು. ನಾಲಿಗೆ ಅದರ ಹತ್ತಿರಕ್ಕೂ ಹೋಗಿ ಬಂತು.

“ಇಲ್ಲಮ್ಮ,” ಎಂದರು. “ಬಾಗಿಲು ಹಾಕೋ ಮುಂಚೆ ಥ್ಯಾಂಕ್ಸ್ ಹೇಳಿ ಹೋಗೋಣ ಅಂತ ಬಂದೆ.”

“ನೋಡಿ, ದೊಡ್ಡತನ ಅಂದ್ರೆ ಇದು!” ಎಂದರು ಔಷಧಿಯವರು, ಕೆಂಪು ಬೋರ್ಡನ್ನು ಇನ್ನಷ್ಟು ಅಪ್ಪಿಕೊಂಡು. ಆಮೇಲೆ ಕಿವಿಯ ಹತ್ತಿರ ಬಂದು ಏನೋ ಕೇಳಿಕೊಂಡರು. ಕನ್ನಡಕದವರು ಆಗಲಿ ಎಂದು ತಲೆಯಾಡಿಸಿದರು.

ಮನೆಯ ಬಾಗಿಲಲ್ಲಿ ಹೆಂಡತಿ ಕಾಯುತ್ತಿದ್ದಳು. ಬಿಳಿ ಬೋರ್ಡು ಅವರ ಜತೆಗೇ ವಾಪಸು ಬಂದದ್ದನ್ನು ನೋಡಿದಳು.

“ಸಿಗ್ಲಿಲ್ವಾ?”

“ಬೆಳಿಗ್ಗೆ ಆರಕ್ಕೆ ಎಬ್ಬಿಸು,” ಎಂದರು ಅವರು.

“ಯಾಕೆ?”

“ಔಷಧಿಯವರಿಗೆ ಪಾಠ ಹೇಳ್ಕೊಡ್ಬೇಕಂತೆ.”

“ನೀವಾ? ಏನು ಪಾಠ?”

ಕನ್ನಡಕದವರು ಕನ್ನಡಕ ತೆಗೆದು, ಅಂಗಿಯ ಅಂಚಿನಿಂದ ಬಹಳ ಹೊತ್ತು ಒರೆಸಿದರು.

“ನಿಲ್ಲೋದು,” ಎಂದರು.