ವಿಮಾನದ ಸಾಹೇಬನಿಗೆ ಇಲ್ಲ ಎಂದದ್ದು

ಸುಳ್ಳು ಹೇಳಲು ಧೈರ್ಯ ಬೇಕೆನ್ನುತ್ತಾರೆ. ನನ್ನ ಅನುಭವದಲ್ಲಿ ಸೌಜನ್ಯವಿದ್ದರೆ ಸಾಕು. ಜಮಖಂಡಿಯ ಕಚೇರಿಯಲ್ಲಿ ಕಾರಕೂನನಾದ ಮೇಲೆ ನಾನು ಮೊದಲು ಕಲಿತದ್ದು, ಮೇಲಿನವರಿಗೆ ‘ಇಲ್ಲ’ ಎನ್ನಬಾರದು ಎಂಬುದನ್ನು. ಆಗದ ಕೆಲಸಕ್ಕೂ ‘ಆಗ್ತದ್ರಿ’ ಎನ್ನಬೇಕು. ಆಗದೆ ಉಳಿದಾಗ ಅವರೇ ತಿಳಿದುಕೊಳ್ಳುತ್ತಾರೆ. ಒಂದು ವಾರ ದಿನಚರಿಯಲ್ಲಿ ಲೆಕ್ಕ ಇಟ್ಟೆ: ‘ಆಗ್ತದ್ರಿ’ ಅರವತ್ತೆರಡು, ಆದದ್ದು ಒಂಬತ್ತು. ಯಾರೂ ಬೇಸರಪಟ್ಟಿರಲಿಲ್ಲ.

ಯುದ್ಧದ ಕಾಲ. ಒಂದು ಮಂಗಳವಾರ ಜೋಳ ಕೊಯ್ದ ಹೊಲದಲ್ಲಿ ಪುಟ್ಟ ವಿಮಾನವೊಂದು ಇಳಿದು ಕೂತಿತು. ನಾನು ಹೋದಾಗ ಬೆಳಗಿನ ಮಂಜು ಅದರ ರೆಕ್ಕೆಯಡಿಯಿಂದ ಇನ್ನೂ ಸರಿದಿರಲಿಲ್ಲ. ಬರುವಾಗ ಮುಗಿಲನ್ನೂ ಒಂದಿಷ್ಟು ಜೊತೆಗೆ ತಂದಂತಿತ್ತು. ಅದನ್ನು ನಡೆಸುವ ಆಂಗ್ಲ ಸಾಹೇಬನಿಗೆ ಕನ್ನಡ ಬಾರದು, ದುರಸ್ತಿಗೆ ಬಂದ ಮೋಟಾರು ಮಿಸ್ತ್ರಿ ಹುಸೇನಸಾಬರಿಗೆ ಇಂಗ್ಲಿಷ್ ಬಾರದು. ನಡುವೆ ನಿಲ್ಲಲು ನನ್ನನ್ನು ಕಳಿಸಿದ್ದರು. ನನ್ನ ಇಂಗ್ಲಿಷ್ ಅರ್ಜಿಗಳಿಂದ ಕಲಿತದ್ದು. ಅದರಲ್ಲಿ ವಿನಂತಿ ಬಹಳ, ನಟ್ಟು ಬೋಲ್ಟು ಕಡಿಮೆ.

ಮಿಸ್ತ್ರಿ ಇಂಜಿನ್ನಿನೊಳಗೆ ಕೈಯಾಡಿಸಿ, “ಎಣ್ಣಿ ಪೈಪು ಸೀಳೈತ್ರಿ. ಬೆಸಿಗಿ ಹಾಕಬೇಕು. ಇವತ್ತ ಹಾರೂದು ಬ್ಯಾಡಂತ ಹೇಳ್ರಿ,” ಎಂದರು. ಅಷ್ಟರಲ್ಲಿ ಸಾಹೇಬ ಕೈಗಡಿಯಾರ ತೋರಿಸಿ, ಈಗಲೇ ಹೊರಡಬಹುದೇ ಎಂದು ಕೇಳಿದ. ನಾನು ಕೃಷ್ಣಾ ನದಿ ಮೇಲಿನಿಂದ ಹೇಗೆ ಕಾಣಬಹುದೆಂಬ ಯೋಚನೆಯಲ್ಲಿ ತೇಲುತ್ತಿದ್ದೆ. “ಯಸ್ ಸರ್,” ಎಂದೆ, ಎಂದಿನ ಸೌಜನ್ಯದಿಂದ. ಸಾಹೇಬ ಚರ್ಮದ ಟೊಪ್ಪಿಗೆ ಹಾಕಿಕೊಂಡ.

“ಏನ್ ಹೇಳಿದ್ರಿ ರಾಯರ?” ಮಿಸ್ತ್ರಿ ಕೇಳಿದರು.

“ಆಗ್ತದಂತ ಹೇಳೀನಿ. ಒಮ್ಮೆಲೇ ಇಲ್ಲ ಅನ್ನೂದು ಛಲೋ ಕಾಣಂಗಿಲ್ಲ.”

“ಛಲೋ ಆತು. ಮ್ಯಾಲ ಇಂಜಿನ್ ನಿಂತ್ರ ಹಿಡಕೊಳ್ಳಾಕ ಅಲ್ಲಿ ಗ್ವಾಡಿ ಇಲ್ಲ. ನೀವೂ ಹಿಂದ ಕೂಡ್ರಿ,” ಎನ್ನುತ್ತ ಅವರು ನನ್ನ ತೋಳು ಹಿಡಿದು ಹಿಂದಿನ ಸೀಟು ತೋರಿಸಿದರು. ಸಾಹೇಬನೂ ಖುಷಿಯಿಂದ ಕೈಬೀಸಿ ಕರೆದ.

ವಿಮಾನದಲ್ಲಿ ಹಾರುವುದು ನನ್ನ ಎಷ್ಟೋ ವರ್ಷಗಳ ಕನಸು. ಆದರೆ ಎಣ್ಣೆಯ ಹನಿ ಜೋಳದ ಕೂಳೆಯ ಮೇಲೆ ಬೀಳುತ್ತಲೇ ಇತ್ತು, ಹನ್ನೊಂದು ಎಣಿಸಿದೆ. “ನೋ ಸರ್,” ಎಂದೆ. ಬದುಕಿನಲ್ಲಿ ಮೊದಲ ಸಲ. ತಡೆಯಲಾಗದೆ ಇನ್ನೂ ನಾಲ್ಕು ಸಲ ಅಂದೆ. ಸಾಹೇಬ ನನ್ನ ಮುಖ ನೋಡಿದ, ನನ್ನ ಬೆರಳು ತೋರಿದ ಹನಿ ನೋಡಿದ, ಟೊಪ್ಪಿಗೆ ತೆಗೆದ.

ಮರುದಿನ ಬೆಸುಗೆ ಮುಗಿಯಿತು. ಪರೀಕ್ಷೆಗೆಂದು ಒಂದು ಸುತ್ತು ಹೊರಟ ಸಾಹೇಬ ಮತ್ತೆ ನನ್ನನ್ನೇ ಕರೆದ. ಈ ಸಲ ಹೋಗಬೇಕೆಂದೇ ಇದ್ದೆ. ಆದರೆ ಹೊಸದಾಗಿ ಕಲಿತ ಮಾತು ಬಾಯಲ್ಲಿ ಇನ್ನೂ ಬಿಸಿಯಾಗಿತ್ತು, ಅದೇ ಹೊರಬಿತ್ತು. ಮಿಸ್ತ್ರಿ ಕೈ ಒರೆಸಿಕೊಂಡು ಹತ್ತಿ ಕೂತರು.

ಇಳಿದು ಬಂದಾಗ ಅವರ ಕಣ್ಣು ಎಲ್ಲೋ ದೂರದಲ್ಲಿತ್ತು. “ಮ್ಯಾಲ ಹೆಂಗಿತ್ರಿ ಮಿಸ್ತ್ರೇರ?” ಎಂದು ಕೇಳಿದೆ.

“ಸಾಹೇಬನೂ ನಾನೂ ಭಾಳ ಮಾತಾಡಿದಿವ್ರಿ. ಇಂಜಿನ್ ಸಪ್ಪಳಕ್ಕ ಒಂದೂ ಕೇಳಲಿಲ್ಲ. ಎಲ್ಲಾ ತಿಳೀತು.”

ಅದಕ್ಕೇ ಇರಬೇಕು, ಆ ವಿಮಾನ ಮಾಡಿದವರು ದುಭಾಷಿಗೆಂದು ಮೂರನೆಯ ಸೀಟು ಇಟ್ಟಿರಲಿಲ್ಲ.