ಸ್ವಯಂಸೂಜಿ ಮತ್ತು ಹನ್ನೆರಡು ರವಿಕೆ

"ಅತ್ತಿಗೇ, ಇನ್ಮೇಲೆ ನೀವು ಸೂಜಿ ಮುಟ್ಟಂಗೇ ಇಲ್ಲ!" ಎಂದು ಮೈದುನ ತಿಪ್ಪೇಶ ಎದೆಯುಬ್ಬಿಸಿ ಗುಂಡಿ ಒತ್ತಿದ.

ಚಳ್ಳಕೆರೆಯಲ್ಲಿ ಅನಸೂಯಳ ಟೈಲರಿಂಗ್ ಅಂಗಡಿಯ ನಡುಮಧ್ಯೆ ಅವನೇ ಕಟ್ಟಿದ ಹೊಲಿಗೆ ಯಂತ್ರ 'ಸ್ವಯಂಸೂಜಿ' ಗುರ್ರೆಂದಿತು. ಚೀಟಿಯ ಮೇಲೆ ಅಳತೆ ಬರೆದು ಅದರ ಕ್ಯಾಮೆರಾ ಕಣ್ಣಿಗೆ ತೋರಿಸಿದರೆ ಸಾಕು, ಬಟ್ಟೆ ಕತ್ತರಿಸಿ ಹೊಲಿದೇಬಿಡುತ್ತದಂತೆ. ಸಂಜೆ ಐದಕ್ಕೆ ಕೋಲಾಟದ ಸ್ಪರ್ಧೆ. ಹನ್ನೆರಡು ಹೆಂಗಸರಿಗೆ ಹನ್ನೆರಡು ರವಿಕೆ ಆಗಬೇಕಿತ್ತು.

ಅನಸೂಯ ಎಂದಿನಂತೆ ಗೀಚಿದಳು: 'ಓಬಮ್ಮ ೩೬ ೧೪ ೯ ಅರ್ಜೆಂಟು ೫ ಗಂಟೆಗೆ.'

ಹೊರಬಂದ ರವಿಕೆಯ ತೋಳು ಮೂವತ್ತಾರು ಇಂಚು! ಎದೆ ಒಂಬತ್ತು! ಮೇಲಾಗಿ ತೋಳುಗಳು ಐದು!

"ಇದನ್ನ ಯಾರ್ ಹಾಕ್ಕಂತಾರೆ? ಆಕ್ಟೋಪಸ್ಸಾ?" ಎಂದು ಓಬಮ್ಮ ಸಿಡುಕಿದಳು.

"ಅಂಕಿ ಎಲ್ಲಾ ಸರಿಯಾಗೇ ಓದೈತಲ್ಲ!" ಎಂದ ತಿಪ್ಪೇಶ.

"ಓದೈತಪ್ಪ. ಯಾವ ಅಂಕಿ ಯಾವುದರದ್ದು ಅಂತ ಅದಕ್ಕೇನು ಕನಸು ಬೀಳ್ತದಾ?" ಎಂದಳು ಅನಸೂಯ.

"ತಡೀರಿ, ಬುದ್ಧಿ ಸ್ವಲ್ಪ ಜಾಸ್ತಿ ಮಾಡ್ತೀನಿ" ಎಂದು ತಿಪ್ಪೇಶ ತಿರುಪು ತಿರುಗಿಸಿದ. ಈಗ ಯಂತ್ರ ಊಹಿಸತೊಡಗಿತು. 'ಅರ್ಜೆಂಟು' ಎಂಬುದೇ ಗಿರಾಕಿಯ ಹೆಸರೆಂದು ತಿಳಿದು ಬೆನ್ನ ಮೇಲೆ ಕಸೂತಿ ಹಾಕಿತು! ಗಂಟೆ ಆಗಲೇ ಮೂರು.

ಅನಸೂಯ ಸ್ಕೇಲು ಎತ್ತಿಕೊಂಡಳು. "ಅದರ ಬುದ್ಧಿ ಬಿಡು. ನಮ್ಮ ಚೀಟಿ ಸರಿ ಮಾಡನ." ಹನ್ನೆರಡು ಚೀಟಿಗೂ ಒಂದೇ ಥರ ಗೆರೆ ಎಳೆದು ಮನೆ ಮಾಡಿದಳು. ಹೆಸರು, ಎದೆ ಸುತ್ತಳತೆ, ಉದ್ದ, ತೋಳು. ಅಳತೆಯ ಪ್ರತಿ ಮನೆಯಲ್ಲೂ ಒಂದೇ ಅಂಕಿ, ಅದರ ಮುಂದೆ 'ಇಂಚು'. ಬೇರೆ ಮಾತಿಗೆ ಜಾಗವೇ ಇಲ್ಲ.

"ಇಷ್ಟೇನಾ?" ಎಂದ ತಿಪ್ಪೇಶ ಅನುಮಾನದಿಂದ.

"ಇಷ್ಟೇ. ನೋಡ್ತಿರು."

ನಲವತ್ತು ನಿಮಿಷದಲ್ಲಿ ಹನ್ನೆರಡು ರವಿಕೆ ಮುಗಿದವು! ಓಬಮ್ಮ ತೊಟ್ಟು ಎರಡೂ ಕೈ ಎತ್ತಿದಳು. ಎಲ್ಲೂ ಬಿಗಿಯಿಲ್ಲ, ಎಲ್ಲೂ ಸಡಿಲವಿಲ್ಲ. ಅನಸೂಯಳಿಗೆ ಯಂತ್ರದ ಮೇಲಿದ್ದ ಸಿಟ್ಟೆಲ್ಲ ಇಳಿಯಿತು.

ಆದರೆ ಯಂತ್ರ ನಿಲ್ಲಲಿಲ್ಲ. ಅಚ್ಚುಕಟ್ಟಾದ ಚೀಟಿಯ ರುಚಿ ಹತ್ತಿದ ಅದು ಕಿಟಕಿಯಾಚೆ ಕಣ್ಣು ಹಾಯಿಸಿತು. ಎದುರು ಮನೆಯ ತಾರಸಿಯ ಟ್ಯಾಂಕಿನ ಮೇಲೆ ದಪ್ಪ ಅಕ್ಷರಗಳಿದ್ದವು: 'ಹೆಸರು: ಕುಡಿಯುವ ನೀರು. ಸುತ್ತಳತೆ: ೧೩೨ ಇಂಚು. ಎತ್ತರ: ೫೮ ಇಂಚು.' ಲೈನಿಂಗ್ ಬಟ್ಟೆಯ ಇಡೀ ಥಾನು ಸರಸರನೆ ಒಳಹೋಯಿತು!

ತಿಪ್ಪೇಶ ಹಟ ಹಿಡಿದು ತಾರಸಿ ಹತ್ತಿ, ಹೊರಬಂದ ದೈತ್ಯ ರವಿಕೆಯನ್ನು ಟ್ಯಾಂಕಿಗೆ ತೊಡಿಸಿಯೇಬಿಟ್ಟ. ತೋಳಿನ ಅಳತೆ ಇರದಿದ್ದರಿಂದ ಸ್ಲೀವ್‌ಲೆಸ್! ಕೋಲು ಹಿಡಿದು ಹೊರಟಿದ್ದ ಹೆಂಗಸರೆಲ್ಲ ಬೀದಿಯಲ್ಲೇ ನಿಂತು ಬಾಯಿಗೆ ಸೆರಗು ಹಿಡಿದರು.

ಅನಸೂಯ ಕತ್ತೆತ್ತಿ ಟ್ಯಾಂಕನ್ನು ಒಂದು ಸುತ್ತು ನೋಡಿ ಹೇಳಿದಳು: "ಕುತ್ತಿಗೆ ಒಂಚೂರು ಬಿಗಿ ಆಗೈತೆ."