ಕಲ್ಲು ನೆಕ್ಕಿ ಕಲಿತ ವಿದ್ಯೆ

ಕಲ್ಲಿನ ಸಹವಾಸ ಮಾಡಿದವನಿಗೆ ದಿನಕ್ಕೊಂದು ಫಜೀತಿ ತಪ್ಪಿದ್ದಲ್ಲ, ನನಗಂತೂ ದಿನಕ್ಕೆರಡು. ಚಾಮರಾಜನಗರದ ಕಡೆಯ ಕಲ್ಲುಕುಟಿಗರ ಮನೆಯವನು ನಾನು. ಒರಳುಕಲ್ಲುಗಳ ನಡುವೆಯೇ ಅಂಬೆಗಾಲಿಟ್ಟವನು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಬಿಎಸ್ಸಿ ಜಿಯಾಲಜಿ ಓದಲು ಚೆನ್ನೈಗೆ ಹೊರಟಾಗ, "ಕಲ್ಲಿನ ಡಾಕ್ಟರಾಗಿ ಬತ್ತೀನಿ" ಎಂದು ಊರಿಗೆಲ್ಲ ಸಾರಿದ್ದೆ.

"ಫೇಲಾದ್ರೂ ಬಾರ್ಲಾ, ನಿನ್ ಉಳಿ ಸುತ್ತಿಗೆ ಇಲ್ಲೇ ಅವೆ" ಎಂದಿದ್ದ ಅಪ್ಪ.

ಎರಡನೇ ವರ್ಷದ ಪ್ರಾಕ್ಟಿಕಲ್‌ನಲ್ಲಿ ಫೇಲೂ ಆದೆ. ಇನ್ನೊಂದು ಸಲ ಆದರೆ ಉಳಿ ಸುತ್ತಿಗೆಯೇ ಗತಿ.

ನಕ್ಕಿ ಪಾರು

ಮೊದಲ ವರ್ಷ ಪಲ್ಲಾವರಂ ಗುಡ್ಡಕ್ಕೆ ಕರೆದೊಯ್ದರು. "ಇದೇನು ಮಹಾ! ನಮ್ಮೂರಲ್ಲಿ ಬಟ್ಟೆ ಒಗೆಯೋ ಕಲ್ಲೇ ಇದಕ್ಕಿಂತ ವಾಸಿ" ಎಂದು ಬಂಡೆ ಹತ್ತಿ ನಿಂತೆ.

ಪ್ರೊಫೆಸರು ಮೆಲ್ಲಗೆ, "ಅದರ ವಯಸ್ಸು ಇನ್ನೂರೈವತ್ತು ಕೋಟಿ ವರ್ಷ" ಎಂದರು.

ಕೆಳಗಿಳಿದು ಚಪ್ಪಲಿ ಬಿಟ್ಟೆ. ಅಷ್ಟು ಹಿರಿಯರ ತಲೆ ಮೇಲೆ ಚಪ್ಪಲಿ ಹಾಕಿಕೊಂಡು ನಿಂತಿದ್ದೆನಲ್ಲ!

ಆಮೇಲೆ ಅವರು ಚೀಲದಿಂದ ಬಿಳಿ ಹೆಂಟೆಯೊಂದನ್ನು ತೆಗೆದು ನನ್ನ ಕೈಗಿಟ್ಟು, "ನಕ್ಕಿ ಪಾರುಡಾ" ಎಂದರು. ನಕ್ಕು ನೋಡಬೇಕಂತೆ! ಹೆಂಟೆಯ ಮುಖ ನೋಡಿ ಗಹಗಹಿಸಿ ನಕ್ಕೆ. ಎಲ್ಲರೂ ದಂಗಾದರು. ತಮಿಳಿನ ನಕ್ಕು ಎಂದರೆ ನಮ್ಮ ನೆಕ್ಕು, ಖನಿಜವನ್ನು ನಾಲಗೆಯಿಂದಲೂ ಗುರುತಿಸುತ್ತಾರೆ ಎಂದು ಪಕ್ಕದವನು ಪಿಸುಗುಟ್ಟಿದ. ನೆಕ್ಕಿದೆ. ಜೇಡಿಮಣ್ಣು ನಾಲಗೆಗೆ ಗಪ್ಪನೆ ಅಂಟಿಕೊಂಡಿತು.

ನನ್ನ ಬಾಯಿ ಮುಚ್ಚಿಸಿದ ಮೊದಲ ಗುರು ಅದೇ.

ಬಸ್ಸಿನಲ್ಲಿ ಕಳ್ಳು

ಅಂದು ಚೀಲದ ತುಂಬ ಕಲ್ಲು ಹೊತ್ತು ರಾಯಪುರಂನ ಮಾವನ ಮನೆಗೆ ಬಸ್ ಹತ್ತಿದೆ. "ಉಳ್ಳೆ ಎನ್ನಪ್ಪಾ?" ಒಳಗೇನಿದೆ ಎಂದು ಕಂಡಕ್ಟರ್ ಕೇಳಿದ. ನಾಲಗೆ ಮಡಚಿ ದಪ್ಪಗೆ ಆಡಿದರೆ ಕನ್ನಡವೆಲ್ಲ ತಮಿಳಾಗುತ್ತದೆ ಎಂಬುದು ನನ್ನ ಸಂಶೋಧನೆ. ಎದೆಯುಬ್ಬಿಸಿ, "ಕಳ್ಳು!" ಎಂದೆ.

ಕಳ್ಳು ಎಂದರೆ ಹೆಂಡ. ಅಲ್ಲಿ ಅದನ್ನು ಇಳಿಸುವುದೇ ಅಪರಾಧ. ಕಂಡಕ್ಟರ್ ಸೀಟಿ ಊದಿ ಬಸ್ ನಿಲ್ಲಿಸಿದ. ಪಕ್ಕದ ಮುದುಕನೊಬ್ಬ ಮಾತ್ರ ನನ್ನತ್ತ ಸರಿದು, "ತಂಬಿ, ತಾತನಿಗೆ ಒಂದು ಲೋಟ?" ಎಂದು ತಮಿಳಿನಲ್ಲಿ ಪಿಸುಗುಟ್ಟಿದ. ಚೀಲ ಬಿಚ್ಚಿಸಿದರು.

"ಅಡಪಾವಿ, ನಿಜವಾಗಲೂ ಕಲ್ಲೇ!" ಎಂದು ಮುದುಕ ಹಣೆ ಚಚ್ಚಿಕೊಂಡ.

ಬೂದುಕಲ್ಲಿನ ಸಿನಿಮಾ

ಸೂಕ್ಷ್ಮದರ್ಶಕದಲ್ಲಿ ಮೊದಲ ಸಲ ಕಲ್ಲು ನೋಡಿದ ದಿನ ಮರೆಯಲಾರೆ. ಬೂದುಕಲ್ಲನ್ನು ಕಾಗದಕ್ಕಿಂತ ತೆಳ್ಳಗೆ ಅರೆದು ಗಾಜಿಗೆ ಅಂಟಿಸಿದ್ದರು. ಕಣ್ಣಿಟ್ಟರೆ ನವಿಲುನೀಲಿ, ಕೇಸರಿ, ಗಿಳಿಹಸಿರು! ತಿರುಗಿಸಿದಂತೆಲ್ಲ ಬಣ್ಣ ಆರುತ್ತದೆ, ಮತ್ತೆ ಹೊತ್ತುತ್ತದೆ. ಅಪ್ಪ ಜೀವಮಾನವಿಡೀ ಕುಟ್ಟಿದ ಕಲ್ಲಿನೊಳಗೆ ಇಷ್ಟೆಲ್ಲ ಇತ್ತೇ? ಅರ್ಧ ಗಂಟೆಯಾದರೂ ಏಳಲಿಲ್ಲ. ಹಿಂದೆ ಹನ್ನೆರಡು ಮಂದಿಯ ಸಾಲು.

ಲ್ಯಾಬಿನ ಅಟೆಂಡರ್ ಭುಜ ತಟ್ಟಿದ: "ತಂಬಿ, ಪಡಂ ಮುಗೀತು. ಮುಂದಿನ ಆಟದವರು ಕಾಯ್ತಿದ್ದಾರೆ."

ಹತ್ತನೇ ಖನಿಜ

ಕೊನೆಗೂ ಮತ್ತೆ ಬಂತು, ಫೇಲಾಗಿದ್ದ ಆ ಪ್ರಾಕ್ಟಿಕಲ್. ಹತ್ತು ಖನಿಜ ಗುರುತಿಸಬೇಕು, ತುಟಿ ಪಿಟಕ್ಕೆಂದರೆ ಹೊರಗೆ. ಪಕ್ಕದ ಕುರ್ಚಿಯಲ್ಲಿ ಬೇರೆ ಕಾಲೇಜಿನಿಂದ ಬಂದ ಪರೀಕ್ಷಕರು ಕೆಮ್ಮುತ್ತಾ ಕೂತಿದ್ದರು. ಒಂಬತ್ತನ್ನು ಪಟಪಟನೆ ಬರೆದೆ. ಎಷ್ಟಾದರೂ ನಾನು ತಾನೇ! ಮೇಜಿನ ತುದಿಯಲ್ಲಿ ಕಾಗದದ ಮೇಲೆ ಗಾಜಿನಂಥ ನಾಲ್ಕು ಹರಳು. ಒಂದನ್ನು ನೆಕ್ಕಿದೆ. ಸಿಹಿ! ಇನ್ನೊಂದು, ಮತ್ತೊಂದು, ಎಲ್ಲವೂ ಸಿಹಿ! ಸಿಹಿ ಖನಿಜವನ್ನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಭೂಮಿತಾಯಿ ಇದನ್ನು ನನಗೆಂದೇ ಬಚ್ಚಿಟ್ಟಿದ್ದಳೇನೋ! ಒಂದಕ್ಕೆ ಆಸಿಡ್ ತೊಟ್ಟಿಕ್ಕಿಸಿದೆ, ನೊರೆ ಬರಲಿಲ್ಲ. "ಹೊಸ ಖನಿಜ" ಎಂದು ಬರೆದೆ.

ಪರೀಕ್ಷಕರು ಕೆಮ್ಮುತ್ತಾ ಕೈ ಚಾಚಿ, ಆಸಿಡ್ ಬಿದ್ದ ಹರಳನ್ನೇ ಎತ್ತಿ ಬಾಯಿಗೊಯ್ದರು!

ಮಾತಾಡಿದರೆ ಫೇಲು, ಸುಮ್ಮನಿದ್ದರೆ ಅವರ ನಾಲಗೆ ಹೋಯಿತು.

"ಸಾರ್, ಆಸಿಡ್!" ಕಿರುಚಿಯೇಬಿಟ್ಟೆ.

ಅವರು ಹರಳನ್ನು ನೋಡಿದರು, ನನ್ನ ಉತ್ತರ ನೋಡಿದರು. "ಅಯ್ಯಾ ವಿಜ್ಞಾನಿ, ಹತ್ತನೆಯದು ಆಸಿಡ್ ಬಾಟಲಿಯ ಹಿಂದಿದೆ. ಇದು ನನ್ನ ಕೆಮ್ಮಿಗೆ ತಂದ ಕಲ್ಲುಸಕ್ಕರೆ" ಎಂದು ಬೆವರು ಒರೆಸಿಕೊಂಡು, "ಒಂಬತ್ತೂ ಸರಿ. ಪಾಸು, ಹೋಗು" ಎಂದು ಸಹಿ ಹಾಕಿದರು. ಆಮೇಲೆ ಇನ್ನೊಂದು ಹರಳನ್ನು ಬಾಯಿಗೆ ಹಾಕಿಕೊಂಡು ಕೇಳಿದರು: "ಆಸಿಡ್ ಹಾಕಿದ್ದು ಅದೊಂದಕ್ಕೇ ತಾನೆ?"

"ಅದೊಂದಕ್ಕೇ ಸಾರ್" ಎಂದೆ ಹೆಮ್ಮೆಯಿಂದ. "ಉಳಿದವನ್ನು ಬರೀ ನೆಕ್ಕಿ ಇಟ್ಟಿದ್ದೀನಿ."